ಕೇಶಿರಾಜ ಕೇಳಿಸಿಕೊಂಡ ಅಕ್ಷರ

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಶಿವರಾತ್ರಿಯ ಆಸುಪಾಸಿನಲ್ಲಿ ನಡೆಯುವ ದನಗಳ ಜಾತ್ರೆಗೆ ಬಾಲ್ಯದಲ್ಲಿ ನಾನು ತಂದೆಯವರೊಡನೆ ಹೋಗುತ್ತಿದ್ದೆ. ಅಲ್ಲಿ ಒಂದು ಜೋಡಿ ಎತ್ತಿನ ವ್ಯಾಪಾರ ಮೂರು ಭಾಷೆಗಳಲ್ಲಿ ಕುದುರುತ್ತಿತ್ತು. ಸುತ್ತಲಿನ ರೈತರದು ತೆಲುಗು, ನಮ್ಮದು ಕನ್ನಡ, ಗಡಿಯಾಚೆಯಿಂದ ಬಂದ ದಲ್ಲಾಳಿಗಳದು ತಮಿಳು. ಬುಟ್ಟಿ ಹೊತ್ತು ಬರುತ್ತಿದ್ದ ತಮಿಳು ಹೆಂಗಸೊಬ್ಬಳು ಬಾಳೆಹಣ್ಣಿನ ಹೆಸರನ್ನು ಕೂಗುವಾಗ ನಾಲಗೆಯನ್ನು ಒಳಕ್ಕೆ ಮಡಿಸಿ ಹೊರಡಿಸುತ್ತಿದ್ದ ಒಂದು ಧ್ವನಿ ನಮಗೆ ನಗೆ ತರಿಸುತ್ತಿತ್ತು. ಅನುಕರಿಸಲು ಹೋದ ಹುಡುಗರ ಬಾಯಲ್ಲಿ ಅದು ಒಮ್ಮೆ ಳಕಾರವಾಗುತ್ತಿತ್ತು, ಒಮ್ಮೆ ರಕಾರವಾಗುತ್ತಿತ್ತು. ಅದು ಪರಕೀಯರ ಧ್ವನಿ ಎಂದೇ ನಾವು ತಿಳಿದಿದ್ದೆವು.

ಅದು ನಮ್ಮದೂ ಆಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಸರ್ಕಾರಿ ಸೇವೆಯಲ್ಲಿದ್ದಾಗ ಕೆರೆಗಳ ಹಳೆಯ ದಾಖಲೆ ಹುಡುಕುತ್ತ, ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತೆರೆದೆ. ಆವನಿಯ ರಾಮಲಿಂಗೇಶ್ವರ ದೇಗುಲಗಳ ಸಮೂಹ ನೊಳಂಬರ ಕಾಲದ್ದು. ಆ ಕಾಲದ ಕನ್ನಡದಲ್ಲಿ ನಾವಿಂದು ಬರೆಯುವ ‘ಕೆರೆ’ ‘ಕೆಱೆ’ಯಾಗಿತ್ತು, ‘ಗದ್ದೆ’ ‘ಗೞ್ದೆ’ಯಾಗಿತ್ತು, ‘ಮಳೆ’ ‘ಮೞೆ’ಯಾಗಿತ್ತು. ಜೀವನವಿಡೀ ಕೆರೆ, ಗದ್ದೆ, ಮಳೆಗಳ ಲೆಕ್ಕವನ್ನೇ ಬರೆದ ನನಗೆ ಈ ಎರಡು ಅಕ್ಷರಗಳ ಗುರುತೇ ಇರಲಿಲ್ಲ. ಜಾತ್ರೆಯಲ್ಲಿ ನಾವು ನಕ್ಕ ಧ್ವನಿ ಇವುಗಳಲ್ಲೊಂದು, ‘ೞ’.

ಒಂದು ಭಾಷೆ ತನ್ನ ಧ್ವನಿಯೊಂದನ್ನು ಕಳೆದುಕೊಳ್ಳುವುದು ಸದ್ದಿಲ್ಲದೆ ನಡೆಯುವ ಕ್ರಿಯೆ. ಅದಕ್ಕೆ ಸಾಕ್ಷಿಗಳು ಸಿಗುವುದು ಅಪರೂಪ. ಕನ್ನಡದ ಭಾಗ್ಯವೆಂದರೆ, ಆ ಹೊತ್ತಿನಲ್ಲಿ ಕಿವಿಗೊಟ್ಟು ಕುಳಿತಿದ್ದ ಒಬ್ಬ ಸಾಕ್ಷಿ ಇದ್ದ. ಅವನೇ ‘ಶಬ್ದಮಣಿದರ್ಪಣ’ದ ಕರ್ತೃ ಕೇಶಿರಾಜ. ಶಾಲೆಯಲ್ಲಿ ಸಂಧಿ ಸಮಾಸಗಳನ್ನು ಉರುಹೊಡೆದ ನಮ್ಮ ಪೀಳಿಗೆಗೆ ಅವನ ಹೆಸರು ಸ್ವಲ್ಪ ಭಯದ ಜೊತೆಗೇ ನೆನಪಾಗುತ್ತದೆ. ಆದರೆ ಅವನು ಮೂಲತಃ ಕೇಳುವ ಮನುಷ್ಯ. ಮಾತು ಹೇಗೆ ಹುಟ್ಟುತ್ತದೆ, ಕಿವಿಗೆ ಹೇಗೆ ತಲಪುತ್ತದೆ ಎಂಬ ಪ್ರಶ್ನೆಯಿಂದಲೇ ಅವನು ವ್ಯಾಕರಣವನ್ನು ಆರಂಭಿಸಿದ.

ಅವನು ಹುಟ್ಟಿದ ಮನೆಯೇ ಅಂಥದು. ತನ್ನ ಪರಿಚಯವನ್ನು ಅವನೇ ಕೊಟ್ಟಿದ್ದಾನೆ. ತಾಯಿಯ ತಂದೆ ಸುಮನೋಬಾಣ, ಯಾದವರೆನಿಸಿದ ಹೊಯ್ಸಳರ ರಾಜಧಾನಿಯಲ್ಲಿ ಆಚಾರ್ಯನಾಗಿದ್ದವನು. ಸೋದರಮಾವ ಜನ್ನ, 1209ರಲ್ಲಿ ‘ಯಶೋಧರ ಚರಿತೆ’ಯನ್ನೂ 1230ರಲ್ಲಿ ‘ಅನಂತನಾಥ ಪುರಾಣ’ವನ್ನೂ ಬರೆದು ಕವಿಚಕ್ರವರ್ತಿ ಎನಿಸಿಕೊಂಡವನು. ತಂದೆ ಮಲ್ಲಿಕಾರ್ಜುನ ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿ, ಸುಮಾರು 1245ರಲ್ಲಿ, ‘ಸೂಕ್ತಿಸುಧಾರ್ಣವ’ವೆಂಬ ಸಂಕಲನವನ್ನು ಸಿದ್ಧಪಡಿಸಿದವನು. ಹಿಂದಿನ ಕವಿಗಳ ಕಾವ್ಯಗಳಿಂದ ಕಡಲು, ಬೆಟ್ಟ, ಪುರ, ಋತು ಮುಂತಾದ ವರ್ಣನೆಗಳ ಪದ್ಯಗಳನ್ನು ಆರಿಸಿ ವಿಂಗಡಿಸಿಟ್ಟ ಗ್ರಂಥವದು. ಅಜ್ಜ ಬೋಧಿಸುವವನು, ಮಾವ ಕಟ್ಟುವವನು, ತಂದೆ ಕೂಡಿಡುವವನು. ಮೂರು ತಲೆಮಾರಿನ ಕನ್ನಡ ಕಾವ್ಯ ಓಲೆಯಲ್ಲಿ ಮಾತ್ರವಲ್ಲ, ಮನೆಯವರ ನಾಲಗೆಯ ಮೇಲೂ ಆಡುತ್ತಿದ್ದ ವಾತಾವರಣದಲ್ಲಿ ಈ ಹುಡುಗನ ಕಿವಿ ಪಳಗಿತು.

ಅವನ ಕಾಲದ ರಾಜ್ಯವೂ ಬಹುಭಾಷೆಯದು. ಸೋಮೇಶ್ವರ ತನ್ನ ಆಳ್ವಿಕೆಯ ಹೆಚ್ಚಿನ ಭಾಗವನ್ನು ಕಳೆದದ್ದು ಶ್ರೀರಂಗದ ಸಮೀಪದ ಕಣ್ಣಾನೂರಿನಲ್ಲಿ. 1254ರ ಸುಮಾರಿಗೆ ರಾಜ್ಯ ಇಬ್ಭಾಗವಾಯಿತು. ದೋರಸಮುದ್ರ ಮೂರನೆಯ ನರಸಿಂಹನಿಗೆ ಹೋಯಿತು. ತಮಿಳು ಸೀಮೆ ಮತ್ತು ಅದರೊಂದಿಗೆ ನಮ್ಮ ಕೋಲಾರದ ಪ್ರದೇಶ ಅವನ ಸಹೋದರ ರಾಮನಾಥನ ಪಾಲಿಗೆ ಬಂದವು. ಚೋಳರ ಕಾಲದಿಂದ ಆರಂಭಿಸಿ ಈ ಹೊತ್ತಿನವರೆಗಿನ ಕೋಲಾರದ ಎಷ್ಟೋ ಶಾಸನಗಳು ತಮಿಳಿನಲ್ಲಿರುವುದು ಈ ಕಾರಣದಿಂದಲೇ. ಅಂದರೆ ‘ೞ’ಕಾರವನ್ನು ನಾಲಗೆಯ ಮೇಲೆ ಉಳಿಸಿಕೊಂಡವರೂ ಅದನ್ನು ಬಿಟ್ಟುಕೊಡುತ್ತಿದ್ದವರೂ ಒಂದೇ ರಾಜವಂಶದ ಆಳ್ವಿಕೆಯಲ್ಲಿ ನೆರೆಹೊರೆಯವರಾಗಿ ಬಾಳುತ್ತಿದ್ದರು. ಆವನಿಯ ಜಾತ್ರೆಯಲ್ಲಿ ನಾನು ಕಂಡ ದೃಶ್ಯ ಬಹಳ ಹಳೆಯದು.

ಕೇಶಿರಾಜ ಬರಿಯ ವೈಯಾಕರಣನಲ್ಲ. ‘ಚೋಳಪಾಲಕ ಚರಿತ’, ‘ಚಿತ್ರಮಾಲೆ’, ‘ಸುಭದ್ರಾಹರಣ’, ‘ಪ್ರಬೋಧಚಂದ್ರ’, ‘ಕಿರಾತ’ ಎಂಬ ಕೃತಿಗಳನ್ನು ತಾನು ರಚಿಸಿದ್ದಾಗಿ ಹೇಳಿಕೊಂಡಿದ್ದಾನೆ. ಇವುಗಳಲ್ಲಿ ಒಂದೂ ಉಳಿದಿಲ್ಲ. ಕಾವ್ಯಗಳೆಲ್ಲ ಹೋಗಿ, ಸುಮಾರು 1260ರಲ್ಲಿ ಬರೆದ ವ್ಯಾಕರಣವೊಂದೇ ನಿಂತಿತು. ಕವಿಯಾಗಿ ಕಳೆದುಹೋದವನು ಕೇಳುಗನಾಗಿ ಉಳಿದ. ಎಂಟು ಪ್ರಕರಣಗಳು, ಕಂದಪದ್ಯದಲ್ಲಿ ಸೂತ್ರಗಳು, ಅವಕ್ಕೆ ತಾನೇ ಬರೆದ ಗದ್ಯ ವೃತ್ತಿ, ಪ್ರತಿ ನಿಯಮಕ್ಕೂ ಹಿಂದಿನ ಕವಿಗಳಿಂದ ಆಯ್ದ ಉದಾಹರಣೆ. ಇದು ಗ್ರಂಥದ ಸ್ವರೂಪ. ಅವನಿಗಿಂತ ಮೊದಲು ಎರಡನೆಯ ನಾಗವರ್ಮ ಕನ್ನಡಕ್ಕೆ ವ್ಯಾಕರಣ ಬರೆದಿದ್ದ. ಆದರೆ ಕನ್ನಡದ ವ್ಯಾಕರಣವನ್ನು ಕನ್ನಡದಲ್ಲಿಯೇ ಇಷ್ಟು ವಿಸ್ತಾರವಾಗಿ ನಿರೂಪಿಸಿದವನು ಕೇಶಿರಾಜ.

ಗ್ರಂಥದ ಆರಂಭದಲ್ಲಿಯೇ ಅವನು ಮಾತಿನ ಹುಟ್ಟನ್ನು ವಿವರಿಸುತ್ತಾನೆ. ಜೀವ ನುಡಿಯಬೇಕೆಂದು ಬಯಸಿದಾಗ, ಅನುಕೂಲವಾದ ಗಾಳಿಯ ನೆರವಿನಿಂದ ನಾಭಿಮೂಲದಲ್ಲಿ ಶಬ್ದವು ಕಹಳೆಯ ಬಗೆಯಲ್ಲಿ ಹುಟ್ಟುತ್ತದೆ ಎಂಬುದು ಅವನ ಪ್ರತಿಪಾದನೆ. ಶಬ್ದ ಒಂದು ದ್ರವ್ಯ, ಅದರ ಬಣ್ಣ ಬಿಳಿ ಎಂದೂ ಅವನು ಭಾವಿಸುತ್ತಾನೆ. ಶಬ್ದವನ್ನು ದ್ರವ್ಯವೆಂದು ಕಾಣುವುದು ಜೈನ ದರ್ಶನದಲ್ಲಿ ಪ್ರಸಿದ್ಧವಾದ ವಿಚಾರ. ಮುಂದೆ ಮತ್ತೊಂದು ಚಿತ್ರವನ್ನು ಕೊಡುತ್ತಾನೆ. ಶರೀರವೇ ವಾದ್ಯ, ನಾಲಗೆ ಅದನ್ನು ನುಡಿಸುವ ಕೋಲು, ನುಡಿಸುವವನು ಆತ್ಮ, ಅವನ ಮನಸ್ಸಿನ ಪ್ರವೃತ್ತಿಯೇ ನುಡಿಗೆ ನಿಮಿತ್ತ.

ಇಂದಿನ ವಿಜ್ಞಾನದ ಮುಂದೆ ಇದನ್ನಿಟ್ಟು ನೋಡೋಣ. ಬಿಳಿಯ ಬಣ್ಣ ನಿಲ್ಲುವುದಿಲ್ಲ. ಶಬ್ದ ವಸ್ತುವಲ್ಲ, ಗಾಳಿಯಲ್ಲಿ ಸಾಗುವ ಕಂಪನ. ಅದರ ಮೂಲ ನಾಭಿಯೂ ಅಲ್ಲ. ಶ್ವಾಸಕೋಶದಿಂದ ಏರಿ ಬರುವ ಗಾಳಿ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳ ನಡುವೆ ನುಗ್ಗುವಾಗ ಅವು ಸೇರಿ ಬಿಡುತ್ತ ಅದುರುತ್ತವೆ. ಮಾತನಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಆ ಅದುರುವಿಕೆ ಬರಿಯ ಗುಂಯ್‌ಗುಡುವ ಸದ್ದು ಮಾತ್ರ. ಅದು ಮಾತಾಗುವುದು ಮೇಲಿನ ಕೊಳವೆಯಲ್ಲಿ, ಅಂದರೆ ಗಂಟಲು, ಬಾಯಿ, ಮೂಗುಗಳಲ್ಲಿ. ನಾಲಗೆ ತುಟಿಗಳು ಆ ಕೊಳವೆಯ ಆಕಾರವನ್ನು ಬದಲಿಸಿದಂತೆ ಅಕಾರ ಇಕಾರವಾಗುತ್ತದೆ, ಇಕಾರ ಉಕಾರವಾಗುತ್ತದೆ. ಕಹಳೆಯಲ್ಲಿ ನಡೆಯುವುದೂ ಇದೇ. ಊದುವವನ ತುಟಿಗಳು ಅದುರುತ್ತವೆ, ಕೊಳವೆ ಆ ಸದ್ದಿಗೆ ರೂಪ ಕೊಡುತ್ತದೆ. ಹಾಡುಗಾರಿಕೆಯ ಗುರು ಮ್ಯಾನುಯೆಲ್ ಗಾರ್ಸಿಯಾ ಪುಟ್ಟ ಕನ್ನಡಿಯ ಸಹಾಯದಿಂದ ತನ್ನದೇ ಧ್ವನಿತಂತುಗಳ ಆಟವನ್ನು ಕಂಡದ್ದು 1854ರಲ್ಲಿ. ಅದಕ್ಕೆ ಸುಮಾರು 600 ವರ್ಷ ಮೊದಲು, ಗಂಟಲೊಳಗೆ ಇಣುಕಿ ನೋಡುವ ಉಪಾಯವಿಲ್ಲದ ಕೇಶಿರಾಜ ಆರಿಸಿಕೊಂಡ ಹೋಲಿಕೆ ತಂತಿವಾದ್ಯದ್ದಲ್ಲ, ಕಹಳೆಯದು ಎಂಬುದು ಗಮನಾರ್ಹ.

ಅವನ ಇನ್ನೊಂದು ಒಳನೋಟ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಕ್ಷರಕ್ಕೆ ಎರಡು ರೂಪಗಳಿವೆ ಎನ್ನುತ್ತಾನೆ. ಕಿವಿಗೆ ಕೇಳುವುದು ಶ್ರಾವಣ, ಕಣ್ಣಿಗೆ ಕಾಣುವುದು ಚಾಕ್ಷುಷ. ಲೋಕ ಇವೆರಡನ್ನೂ ಬಳಸುತ್ತದೆ, ಆದರೆ ಎರಡೂ ಒಂದೇ ಅಲ್ಲ. ಈ ವಿವೇಕದ ಬಲದಿಂದಲೇ ಅವನು ಕನ್ನಡದ ವರ್ಣಮಾಲೆಯನ್ನು ಎಣಿಸಿದ. ಸಂಸ್ಕೃತದ ಪಟ್ಟಿಯನ್ನು ಹಾಗೆಯೇ ಒಪ್ಪಲಿಲ್ಲ. ಋಕಾರ, ಶಕಾರ, ಷಕಾರ, ವಿಸರ್ಗ ಮುಂತಾದ 10ನ್ನು ಅಚ್ಚಗನ್ನಡಕ್ಕೆ ಸಲ್ಲವೆಂದು ತೆಗೆದ. ಹ್ರಸ್ವ ಎ, ಒ ಹಾಗೂ ಱ, ೞ, ಳಗಳನ್ನು ದೇಶೀಯವೆಂದು ಸೇರಿಸಿಕೊಂಡ. ಕನ್ನಡದ ಶುದ್ಧಾಕ್ಷರಗಳು 47 ಎಂದು ನಿರ್ಣಯಿಸಿದ. ಓಲೆಯ ಮೇಲೆ ಏನಿದೆ ಎಂಬುದಕ್ಕಿಂತ ಕನ್ನಡಿಗನ ಬಾಯಲ್ಲಿ ಏನಿದೆ ಎಂಬುದು ಅವನ ಅಳತೆಗೋಲಾಗಿತ್ತು.

ಛಂದಸ್ಸಿನಲ್ಲಿಯೂ ಅವನು ಕಿವಿಯನ್ನೇ ನಂಬಿದ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಬೇಕೆಂಬುದು ಸಾಮಾನ್ಯ ನಿಯಮ. ಆದರೆ ಕನ್ನಡದಲ್ಲಿ ರ, ಲ, ೞ ಮುಂತಾದವು ಕೂಡಿದ ಕೆಲವು ಒತ್ತಕ್ಷರಗಳು ತೇಲಿಸಿ ನುಡಿಯಲ್ಪಡುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು. ಇದನ್ನೇ ಶಿಥಿಲದ್ವಿತ್ವ ಎನ್ನುತ್ತಾರೆ. ಕಣ್ಣಿಗೆ ಒತ್ತು ಕಂಡರೂ ಕಿವಿಗೆ ಭಾರ ಕೇಳದಿದ್ದರೆ ಕಿವಿಯ ತೀರ್ಪೇ ಅಂತಿಮ. ಇನ್ನೊಂದೆಡೆ ತನಗೆ ಮಾದರಿಯಾದ ಪೂರ್ವಕವಿಗಳನ್ನು ನೆನೆಯುವಾಗ ಪೊನ್ನನನ್ನು ಹೊನ್ನನೆಂದೂ ಪಂಪನನ್ನು ಹಂಪನೆಂದೂ ಕರೆಯುತ್ತಾನೆ. ಪಾಲು ಹಾಲಾಗಿ, ಪೂ ಹೂವಾಗಿ, ಕನ್ನಡದ ಪಕಾರ ಹಕಾರಕ್ಕೆ ದಾರಿಬಿಟ್ಟ ಕಾಲದವನು ಅವನು. ಮಹಾಕವಿಗಳ ಹೆಸರನ್ನೂ ತನ್ನ ಕಾಲದ ನಾಲಗೆಯಂತೆ ನುಡಿಯಲು ಅವನಿಗೆ ಸಂಕೋಚವಿರಲಿಲ್ಲ. ಬದಲಾವಣೆಯನ್ನು ಕಂಡರೆ ಸಿಡಿಮಿಡಿಗೊಳ್ಳುವ ಮಡಿವಂತನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ.

ಹಾಗಾದರೆ ‘ೞ’ಕಾರದ ವಿಷಯದಲ್ಲಿ ಮಾತ್ರ ಅವನು ಅಷ್ಟೊಂದು ಶ್ರಮವಹಿಸಿದ್ದೇಕೆ? ಕನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಆಳ್’ ಎಂದರೆ ಆಳು, ಸೇವಕ. ‘ಆೞ್’ ಎಂದರೆ ಮುಳುಗು. ನಾಲಗೆಯ ತುದಿ ಅಂಗುಳನ್ನು ಮುಟ್ಟಿದರೆ ಕತ್ತಿ, ಮುಟ್ಟದೆ ಹಿಂದಕ್ಕೆ ಬಾಗಿ ನಿಂತರೆ ಬದುಕು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸ ಅದು. 10ನೇ ಶತಮಾನದ ನಂತರದ ಶಾಸನಗಳಲ್ಲಿ ‘ೞ’ ಇರಬೇಕಾದೆಡೆ ‘ಳ’ ಅಥವಾ ‘ರ’ ಬರುವುದು ಹೆಚ್ಚುತ್ತ ಹೋಗುತ್ತದೆ. ಬರೆಯುವವನ ಕಿವಿಗೆ ಭೇದ ಕೇಳುತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಕವಿಗಳಿಗೋ ಇದು ಸಂಕಟದ ವಿಷಯವಾಗಿತ್ತು. ಪ್ರಾಸದಲ್ಲಿ ‘ೞ’ಕ್ಕೆ ‘ಳ’ವನ್ನು ಹೊಂದಿಸುವಂತಿರಲಿಲ್ಲ. ಆದರೆ ಯಾವ ಪದದಲ್ಲಿರುವುದು ಯಾವುದು ಎಂದು ಕಿವಿ ಹೇಳದಾಗಿತ್ತು. ಆಗ ಕೇಶಿರಾಜ ಮಾಡಿದ್ದು, ‘ೞ’ಕಾರವುಳ್ಳ ಪದಗಳನ್ನು ಒಂದೊಂದಾಗಿ ಹೆಕ್ಕಿ ಪದ್ಯಗಳಲ್ಲಿ ಪೋಣಿಸಿಡುವುದು.

ಈ ಪಟ್ಟಿಯನ್ನು ಓದುವಾಗ ನನಗೆ ಅದರ ಹಿಂದಿನ ವಿಷಾದ ತಟ್ಟುತ್ತದೆ. ಎಲ್ಲರ ಕಿವಿಗೂ ಕೇಳುವ ಧ್ವನಿಗೆ ಪಟ್ಟಿ ಬೇಕಾಗುವುದಿಲ್ಲ. ಮಕಾರವುಳ್ಳ ಪದಗಳ ಪಟ್ಟಿಯನ್ನು ಯಾರೂ ಮಾಡುವುದಿಲ್ಲ. ಕಿವಿ ಕೈಬಿಟ್ಟದ್ದನ್ನು ಕಣ್ಣಿನ ವಶಕ್ಕೆ ಒಪ್ಪಿಸುವ ಕೆಲಸ ಅದು. ಶ್ರಾವಣವನ್ನು ಚಾಕ್ಷುಷವಾಗಿ ಉಳಿಸುವ ಪ್ರಯತ್ನ.

ಧ್ವನಿಯೊಂದು ಹೀಗೆ ಕಾಣೆಯಾಗುವುದೇಕೆ? ಅರ್ಥಶಾಸ್ತ್ರ ಓದಿದ ನನಗೆ ಇದು ನಾಣ್ಯದ ಚಲಾವಣೆಯಂತೆ ತೋರುತ್ತದೆ. ಸಂತೆಯಲ್ಲಿ ಎರಡು ನಾಣ್ಯಗಳನ್ನು ಜನ ಒಂದೇ ಬೆಲೆಗೆ ಸ್ವೀಕರಿಸತೊಡಗಿದರೆ, ಮಾಡಲು ಹೆಚ್ಚು ಖರ್ಚು ತಗಲುವ ನಾಣ್ಯ ಮೆಲ್ಲಗೆ ಮರೆಯಾಗುತ್ತದೆ. ‘ಬಾಳ್’ ಎಂದರೂ ಸಂದರ್ಭದಿಂದ ಕತ್ತಿಯೋ ಬದುಕೋ ತಿಳಿಯುತ್ತದೆ ಎಂದಾದ ಮೇಲೆ ನಾಲಗೆ ಕಷ್ಟಪಡುವುದನ್ನು ಬಿಡುತ್ತದೆ. ಒಂದು ತಲೆಮಾರಿನ ನಾಲಗೆ ಬಿಟ್ಟದ್ದನ್ನು ಮುಂದಿನ ತಲೆಮಾರಿನ ಕಿವಿ ಕೇಳುವುದೇ ಇಲ್ಲ.

ಇದರ ಕ್ರಮವನ್ನು ಇಂದಿನ ಸಂಶೋಧನೆ ಸ್ಪಷ್ಟವಾಗಿ ತೋರಿಸಿದೆ. ಕೆನಡಾದ ಮನೋವಿಜ್ಞಾನಿ ಜ್ಯಾನೆಟ್ ವೆರ್ಕರ್ ಮತ್ತು ಅವರ ಸಹೋದ್ಯೋಗಿ 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಗ್ಲಿಷ್ ಮಾತನಾಡುವ ಮನೆಗಳ ಹಸುಗೂಸುಗಳಿಗೆ ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳು ಭೇದವನ್ನು ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಕಿವಿ ಕೆಟ್ಟಿರಲಿಲ್ಲ. ಮನೆಯಲ್ಲಿ ಕೇಳದ ಭೇದವನ್ನು ಗಮನಿಸುವುದನ್ನು ಮಿದುಳು ಬಿಟ್ಟಿತ್ತು, ಅಷ್ಟೆ. ಮಗು ಮೊದಲ ಮಾತನ್ನಾಡುವ ಮುನ್ನವೇ ಅದರ ಕಿವಿ ಒಂದು ಭಾಷೆಯ ಪ್ರಜೆಯಾಗಿಬಿಟ್ಟಿರುತ್ತದೆ. ಜಾತ್ರೆಯಲ್ಲಿ ನಮ್ಮ ನಾಲಗೆ ಸೋತದ್ದು ನಾಲಗೆಯ ದೋಷದಿಂದಲ್ಲ. ನಮ್ಮ ಕಿವಿ ತೊಟ್ಟಿಲಲ್ಲಿಯೇ ಆ ಧ್ವನಿಯನ್ನು ಬಿಟ್ಟಿತ್ತು.

ಕೆಲ ವರ್ಷಗಳ ಹಿಂದೆ ನನ್ನ ಶ್ರವಣಶಕ್ತಿ ಕುಂದಿತು. ಮನೆಯವರ ಒತ್ತಾಯಕ್ಕೆ ಮಣಿದು ಪರೀಕ್ಷೆ ಮಾಡಿಸಿಕೊಂಡೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಅಂಗದಲ್ಲಿ ಕಂಪನವನ್ನು ನರಗಳಿಗೆ ಮುಟ್ಟಿಸುವ ಸಾವಿರಾರು ರೋಮಕೋಶಗಳಿವೆ. ವಯಸ್ಸಾದಂತೆ ಮೊದಲು ಸವೆಯುವುದು ಎತ್ತರದ ಸ್ವರಗಳನ್ನು ಗ್ರಹಿಸುವ ಕೋಶಗಳು. ಆದ್ದರಿಂದ ಸಕಾರ ಶಕಾರಗಳು ಮಸುಕಾಗುತ್ತವೆ. ಮಾತು ಕೇಳುತ್ತದೆ, ಪದ ತಿಳಿಯುವುದಿಲ್ಲ. ನನ್ನ ಕಿವಿಯ ನಷ್ಟವನ್ನು ಯಂತ್ರವೊಂದು ಅಷ್ಟಿಷ್ಟು ತುಂಬಿಕೊಡುತ್ತಿದೆ. ಇಂಥ ತೊಂದರೆಗಳ ಅಧ್ಯಯನಕ್ಕಾಗಿ ಮೈಸೂರಿನಲ್ಲಿ 1965ರಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಗಿರುವುದು ನಾಡಿನ ಹೆಮ್ಮೆ. ಆದರೆ ಇಡೀ ಸಮುದಾಯದ ಕಿವಿಯೇ ಒಂದು ಧ್ವನಿಯನ್ನು ಬಿಟ್ಟುಕೊಟ್ಟಾಗ ತೊಡಿಸಲು ಯಂತ್ರವಿಲ್ಲ.

ಕೇಶಿರಾಜನ ಗ್ರಂಥ ‘ೞ’ಕಾರವನ್ನು ಕಾಪಾಡಿತೇ? ಧ್ವನಿಯನ್ನು ಕಾಪಾಡಲಿಲ್ಲ, ನೆನಪನ್ನು ಕಾಪಾಡಿತು. ಲಿಂಗಣಾರಾಧ್ಯ, ನಿಷ್ಠೂರ ಸಂಜಯ್ಯ ಮೊದಲಾದವರು ಅದಕ್ಕೆ ವ್ಯಾಖ್ಯಾನ ಬರೆದರು. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ 1872ರಲ್ಲಿ ಅದನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಪ್ರಕಟಿಸಿದರು. 1894ರ ತಮ್ಮ ಮಹಾನಿಘಂಟಿನಲ್ಲಿ ಱ, ೞಗಳ ಹಳೆಯ ರೂಪಗಳನ್ನು ಬಿಡದೆ ಗುರುತಿಸಿದರು. ಡಿ.ಎಲ್. ನರಸಿಂಹಾಚಾರ್ ಅವರ ಸಂಪಾದನೆ ನಮ್ಮ ತರಗತಿಗಳಿಗೆ ಅದನ್ನು ತಲಪಿಸಿತು. ಕಂಪ್ಯೂಟರ್ ಯುಗದಲ್ಲಿಯೂ ‘ೞ’ಕ್ಕೆ ಯೂನಿಕೋಡ್‌ನಲ್ಲಿ ಸ್ಥಾನ ದೊರೆತಿದೆ. ಆದರೆ ಅಲ್ಲಿ ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರು ‘ಎಫ್‌ಎ’. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ತಪ್ಪು ಹೆಸರಿನ ಪಕ್ಕದಲ್ಲಿ ತಿದ್ದುಪಡಿಯ ಹೆಸರನ್ನು ಸೇರಿಸಿ ಸುಮ್ಮನಾಗಬೇಕಾಯಿತು. ಧ್ವನಿ ತಿಳಿಯದ ಅಕ್ಷರಕ್ಕೆ ಏನು ಗತಿ ಬರಬಹುದು ಎಂಬುದಕ್ಕೆ ಇದೊಂದು ನಿದರ್ಶನ.

‘ೞ’ ಹೋದದ್ದರಿಂದ ಕನ್ನಡ ಬಡವಾಗಲಿಲ್ಲ ಎಂದು ವಾದಿಸಬಹುದು. ಕುಮಾರವ್ಯಾಸನೂ ದಾಸರೂ ಬಂದದ್ದು ಅದರ ನಂತರವೇ. ಆ ವಾದವನ್ನು ನಾನು ಒಪ್ಪುತ್ತೇನೆ. ಭಾಷೆ ಬದಲಾಗುವುದು ಅದರ ಸ್ವಭಾವ, ಕೇಶಿರಾಜನೂ ಅದನ್ನು ಬಲ್ಲ. ಆದರೆ ‘ೞ’ ಹೋಗಲು ಶತಮಾನಗಳು ಹಿಡಿದವು. ಕನ್ನಡಿಗರು ಕನ್ನಡವನ್ನೇ ಆಡುತ್ತ ಅದನ್ನು ಬಿಟ್ಟರು. ಈಗ ಬೆಂಗಳೂರಿನ ನಮ್ಮಂಥವರ ಮನೆಗಳಲ್ಲಿ ನಡೆಯುತ್ತಿರುವುದು ಬೇರೆ. ಮೊಮ್ಮಗು ಬೇಳೆಯನ್ನು ‘ಬೇಲೆ’ ಎಂದಾಗ, ಹಣವನ್ನು ‘ಹನ’ ಎಂದಾಗ ನಾವು ಮುದ್ದಿನಿಂದ ನಗುತ್ತೇವೆ. ಚಿಕ್ಕ ಮಗುವಾದರೆ ನಗಬಹುದು, ಕಾಲಕ್ರಮದಲ್ಲಿ ನಾಲಗೆ ತಿರುಗುತ್ತದೆ. 10 ವರ್ಷದ ಹುಡುಗ ಹಾಗೆ ನುಡಿಯುತ್ತ, ‘ಹಾಲು’ ‘ಹಾಳು’ಗಳ ವ್ಯತ್ಯಾಸ ತನಗೆ ಕೇಳುವುದೇ ಇಲ್ಲ ಎಂದರೆ ತಪ್ಪು ಅವನ ನಾಲಗೆಯದಲ್ಲ. ಅವನ ತೊಟ್ಟಿಲ ಬಳಿ ನಾವು ಕನ್ನಡ ಆಡಲಿಲ್ಲ. ಶಾಲೆಯ ಪುಸ್ತಕ ಚಾಕ್ಷುಷಾಕ್ಷರವನ್ನು ಕಲಿಸಬಲ್ಲದು. ಶ್ರಾವಣಾಕ್ಷರವನ್ನು ಮನೆಯೇ ಕೊಡಬೇಕು, ಅದೂ ಮೊದಲ ವರ್ಷದಿಂದಲೇ.

ವ್ಯಾಕರಣಗಳಿಂದ ಭಾಷೆ ಉಳಿಯುವುದಿಲ್ಲ ಎಂಬುದನ್ನು ಕನ್ನಡದ ಶ್ರೇಷ್ಠ ವೈಯಾಕರಣನ ಬಾಳೇ ನಮಗೆ ಕಲಿಸುತ್ತದೆ. ಅವನಿಗಿಂತ ಚೆನ್ನಾಗಿ ಕೇಳಿದವರಿಲ್ಲ, ಅವನಿಗಿಂತ ಶ್ರದ್ಧೆಯಿಂದ ಬರೆದಿಟ್ಟವರಿಲ್ಲ. ಆದರೂ ಅವನ ಪಟ್ಟಿಯಲ್ಲಿ ‘ೞ’ ಕಾಣುತ್ತದೆಯೇ ಹೊರತು ಕೇಳುವುದಿಲ್ಲ. ಕೇಳಬೇಕೆಂದರೆ ಶಿವರಾತ್ರಿಯ ಹೊತ್ತಿಗೆ ಆವನಿಗೆ ಹೋಗಿ ತಮಿಳು ವ್ಯಾಪಾರಿಗಳ ಪಕ್ಕದಲ್ಲಿ ನಿಲ್ಲಬೇಕು. ಈಚೆಗೆ ಹೋದಾಗ ನಾನು ಹಾಗೆ ನಿಂತೆ. ಕಿವಿಯ ಯಂತ್ರವನ್ನು ಸರಿಪಡಿಸಿಕೊಂಡು ಕೇಳಿಸಿಕೊಂಡೆ. ಈ ಬಾರಿ ನಗು ಬರಲಿಲ್ಲ.